ಮೂಗಿರುವವರನ್ನು ಕೇಳಿ

ಜ್ವರ ಬಂದು ಹೋದ ಮೇಲೆ ಲಾಂಡ್ರಿ ಅಕ್ಕನಿಗೆ ಕಾಲಿನ ನೋವು ಹೋಯಿತು, ಕೆಮ್ಮು ಹೋಯಿತು, ಅವುಗಳ ಹಿಂದೆಯೇ ವಾಸನೆಯೂ ಹೋಯಿತು. ಮೂಗು ಮುಖದ ಮೇಲೆ ಇದ್ದಲ್ಲೇ ಇತ್ತು. ಕೆಲಸ ಮಾತ್ರ ನಿಲ್ಲಿಸಿತ್ತು.

ಅವಳಿಗೆ ಅದು ಗೊತ್ತಾದದ್ದು ಮಲಗಿ ಎದ್ದು ಮೊದಲ ದಿನ ಅಂಗಡಿಯ ಬಾಗಿಲು ತೆಗೆದಾಗ. ಸೋಪಿನ ಪುಡಿ, ಹಬೆ, ಇನ್ನೇನು ಸುಟ್ಟೇಬಿಟ್ಟಿತು ಅನ್ನಿಸುವ ಬಿಸಿ ಹತ್ತಿಬಟ್ಟೆ, ಇವೆಲ್ಲ ಒಟ್ಟಿಗೆ ಬಂದು ಮುಖಕ್ಕೆ ಹೊಡೆಯುತ್ತವೆಂದು ಕಾದು ಅವಳು ಉದ್ದಕ್ಕೆ ಉಸಿರೆಳೆದಳು. ಗಾಳಿ ಒಳಗೆ ಹೋಯಿತು, ಗಾಳಿ ಹೊರಗೆ ಬಂತು. ಅಷ್ಟೇ. ಆಮೇಲೆ ತೋರಿಸಲು ಹೋದಾಗ ಡಾಕ್ಟರು, "ವಾಪಸ್ ಬರಬಹುದು, ಬರದೇನೂ ಇರಬಹುದು" ಎಂದು ಹವಾಮಾನ ಹೇಳುವವರಂತೆ ಹೇಳಿ ಕಳಿಸಿದರು.

ಈ ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕಣ್ಣಿನಷ್ಟೇ ಮೂಗೂ ದುಡಿಯಬೇಕು. ಕೋಟಿನ ಕಂಕುಳಲ್ಲಿ ಬೆವರು ಉಳಿದಿದೆಯೇ, ಉಣ್ಣೆ ಸರಿಯಾಗಿ ಒಣಗಿದೆಯೇ, ಇಸ್ತ್ರಿ ಪೆಟ್ಟಿಗೆ ಮಿತಿಮೀರಿ ಕಾದಿದೆಯೇ, ಇದನ್ನೆಲ್ಲ ಹೇಳುವುದು ಮೂಗು. ಅಕ್ಕನ ಮೂಗು ಕೆಟ್ಟಿದೆ ಎಂದು ಬೀದಿಯಲ್ಲಿ ಸುದ್ದಿಯಾದರೆ ಗಿರಾಕಿಗಳು ಮೂಗು ಮುರಿದು ಬೇರೆ ಅಂಗಡಿ ಹುಡುಕುವುದು ಖಂಡಿತ. ಗಂಡ ಲಾರಿ ಓಡಿಸುವವನು, ತಿಂಗಳ ಬಹುಭಾಗ ರಸ್ತೆಯ ಮೇಲೆ. ಇಂಜಿನ್ನಿನ ಗದ್ದಲದ ನಡುವೆ ಫೋನಿನಲ್ಲಿ ಕೂಗಿ ಹೇಳುವಂಥ ಮಾತಲ್ಲ ಇದು. ಇನ್ನು ಉಳಿದವರು ಅತ್ತೆ.

ಅತ್ತೆಯ ಮೂಗಿನ ವಿಷಯವೇ ಬೇರೆ. ಮೇಲಿನ ಮಹಡಿಯಲ್ಲಿ ಕೂತು ಕೆಳಗಿನ ಮನೆಯವರ ಹಾಲು ಉಕ್ಕಿದ್ದನ್ನು ಹೇಳುತ್ತಿದ್ದರು. ಬಾಗಿಲು ತಟ್ಟುವ ಮೊದಲೇ ಬಂದವರು ಯಾರೆಂದು ಹೇಳುತ್ತಿದ್ದರು. ಅಂಥವರ ಮುಂದೆ ನಿಂತು 'ನನಗೆ ವಾಸನೆ ಗೊತ್ತಾಗುವುದಿಲ್ಲ' ಎನ್ನುವುದೆಂದರೆ ದೊಡ್ಡ ಗಾಯಕರ ಮುಂದೆ ಗಂಟಲು ಸರಿಮಾಡಿಕೊಂಡಂತೆ. ಅಲ್ಲದೆ ತನ್ನ ಜ್ವರ ಬಿಟ್ಟಾಗಿನಿಂದ ಅತ್ತೆಯ ಮಾತೇ ಕಡಿಮೆಯಾಗಿತ್ತು. ಕೇಳಿದ್ದಕ್ಕೆ 'ಹೂಂ', ಕೊಟ್ಟಿದ್ದಕ್ಕೆ 'ಇಡು'. ಏಕೆಂದು ಅಕ್ಕನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ.

ಗುಟ್ಟು ಗೊತ್ತಿದ್ದದ್ದು ಫೋನಿನೊಳಗಿನ ಜನಕ್ಕೆ ಮಾತ್ರ. ವಾಸನೆ ಕಳೆದುಕೊಂಡವರೆಲ್ಲ ಸೇರಿ ಮಾಡಿಕೊಂಡ ಒಂದು ಗುಂಪು ಅದು. ಒಬ್ಬರಿಗೊಬ್ಬರು ಮುಖ ಕಂಡವರಲ್ಲ, ಒಂದೊಂದು ಊರಿನಲ್ಲಿ ಒಬ್ಬೊಬ್ಬರು. ಗುಂಪು ಕಟ್ಟಿದವರು ಒಬ್ಬ ನರ್ಸು, ಅವರನ್ನು ಎಲ್ಲರೂ ನರ್ಸಮ್ಮ ಎನ್ನುತ್ತಿದ್ದರು. ಬ್ರೆಡ್ಡಿನ ಒಲೆಯ ಮುಂದೆ ನಿಂತೂ ಏನೂ ತಿಳಿಯದೆ ಅತ್ತುಬಿಟ್ಟಿದ್ದ ಬೇಕರಿ ಮಾವ ಇದ್ದರು. ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತರಾಗಿ, 'ಜೀವನವೆಲ್ಲ ಮೇಲೆ ಕೆಳಗೆ ಮಾಡಿದೆ, ಎಲ್ಲಿಗೂ ಮುಟ್ಟಲಿಲ್ಲ' ಎಂದು ನಗಿಸುತ್ತಿದ್ದ ಲಿಫ್ಟ್ ತಾತ ಇದ್ದರು. ಅಕ್ಕ ಸೇರುವಾಗ ತನ್ನ ಹೆಸರಿನ ಜಾಗದಲ್ಲಿ 'ಮೂಗುತಿ' ಎಂದು ಬರೆದಿದ್ದಳು. ಮೂಗಿನಿಂದ ಉಪಯೋಗವಿಲ್ಲ, ಅಲಂಕಾರಕ್ಕಾದರೂ ಇರಲಿ ಎಂದು. ಅದನ್ನು ಓದಿ ಇಡೀ ಗುಂಪು ನಕ್ಕಿತ್ತು. ಜ್ವರದ ನಂತರ ಅವಳೂ ಮೊದಲ ಸಲ ನಕ್ಕದ್ದು ಅಂದೇ.

ಡಿಸೆಂಬರ್ ಶುರುವಾದಾಗ ನರ್ಸಮ್ಮ ಒಂದು ಧ್ವನಿ ಸಂದೇಶ ಹಾಕಿದರು.

"ನೋಡ್ರಪ್ಪಾ, ಕ್ರಿಸ್‌ಮಸ್ ಬಂತು. ನಂಗಂತೂ ಹೋದ ವರ್ಷದ ಕ್ರಿಸ್‌ಮಸ್ಸು ಟಿವೀಲಿ ದನಿ ನಿಲ್ಲಿಸಿ ನೋಡಿದ ಹಾಗಿತ್ತು. ಎಲ್ಲ ಕಾಣ್ತಿತ್ತು, ಏನೂ ಮುಟ್ಟಲಿಲ್ಲ. ಈ ಸಲ ಒಂದು ಆಟ ಆಡೋಣ. ನಿಮ್ಮ ಮನೆ ಕ್ರಿಸ್‌ಮಸ್ ವಾಸನೆ ಇರೋ ಏನಾದ್ರೂ ಒಂದನ್ನ ತಗಡಿನ ಡಬ್ಬೀಲಿ ಹಾಕಿ ಮುಚ್ಚಿ. ಯಾರಿಗೆ ಕಳಿಸ್ಬೇಕು ಅನ್ನೋದನ್ನ ಚೀಟಿ ಎತ್ತಿ ನಾನು ಹೇಳ್ತೀನಿ. ಒಳಗೆ ಏನಿದೆ, ಯಾರು ಕಳಿಸಿದ್ದು, ಒಂದಕ್ಷರ ಬರೀಬಾರ್ದು. ಬಂದ ಡಬ್ಬೀನ ನಿಮ್ಮ ಹತ್ತಿರ ಇರೋ, ಮೂಗಿರೋ ಯಾರಾದ್ರೂ ಒಬ್ರಿಗೆ ಕೊಟ್ಟು ಕೇಳಿ. ಅವ್ರು ಹೇಳಿದ್ದನ್ನ ಕ್ರಿಸ್‌ಮಸ್ ಸಂಜೆ ವಿಡಿಯೋದಲ್ಲಿ ಎಲ್ರೂ ಕೂತು ಹೇಳೋಣ."

ಅಕ್ಕ ಬರೆದಳು: "ನಮ್ಮ ಮನೇಲಿ ಕ್ರಿಸ್‌ಮಸ್ ಮಾಡೋ ರೂಢಿ ಇಲ್ಲ. ನಾನು ಬಿಡ್ತೀನಿ."

"ಡಿಸೆಂಬರ್ ಇದೆಯಲ್ಲ ನಿಮ್ಮನೇಲೂ? ಸಾಕು" ಎಂದು ಉತ್ತರ ಬಂತು.

ನಿಜ ಹೇಳಬೇಕೆಂದರೆ ಅವಳ ಅಂಗಡಿಗೆ ಕ್ರಿಸ್‌ಮಸ್ ಎಲ್ಲರಿಗಿಂತ ಮೊದಲೇ ಬರುತ್ತಿತ್ತು. ಎರಡು ಬೀದಿ ಆಚೆಯ ಚರ್ಚಿನಲ್ಲಿ ಮಕ್ಕಳಿಗೆ ಹಾಡು ಕಲಿಸುವ ಮೇಷ್ಟ್ರು ಆ ತಿಂಗಳು ಹಾಡುವವರ ಬಿಳಿ ನಿಲುವಂಗಿಗಳನ್ನು ಹೊತ್ತು ತರುತ್ತಿದ್ದರು. ತೋಳಿನ ಮೇಲೆಲ್ಲ ಮೇಣದಬತ್ತಿ ಸೋರಿದ ಕಲೆ. ಮೇಣವನ್ನು ಉಜ್ಜಿದರೆ ಇನ್ನಷ್ಟು ಒಳಗಿಳಿಯುತ್ತದೆ. ಅದರ ಮೇಲೆ ಕಂದು ಕಾಗದ ಹಾಸಿ, ಬಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟರೆ ಕಾಗದವೇ ಮೇಣವನ್ನು ಕುಡಿದುಬಿಡುತ್ತದೆ. ಹಾಗೆ ಮೇಣ ಕುಡಿದು ಗಾಜಿನಂತಾದ ಒಂದು ಕಾಗದವನ್ನು ಅವಳು ಮಡಿಸಿ ಡಬ್ಬಿಗೆ ಹಾಕಿ, ನರ್ಸಮ್ಮ ಹೇಳಿದ ವಿಳಾಸಕ್ಕೆ ಕಳಿಸಿದಳು. ಅದರ ವಾಸನೆ ಹೇಗಿತ್ತೆಂದು ನೆನಪಿನಲ್ಲಿ ಹುಡುಕಿದಾಗ ಹೆಸರು ಸಿಕ್ಕಿತು, ವಾಸನೆ ಸಿಗಲಿಲ್ಲ.

ಕೆಲವು ದಿನಗಳಲ್ಲಿ ಅವಳ ಹೆಸರಿಗೂ ಒಂದು ಡಬ್ಬಿ ಬಂತು.

ಗಿರಾಕಿಗಳಿಲ್ಲದ ಹೊತ್ತು ನೋಡಿ ಅವಳು ಅದನ್ನು ಇಸ್ತ್ರಿ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಇದ್ದದ್ದು ಕರವಸ್ತ್ರದಷ್ಟು ದೊಡ್ಡ ಹಳೆಯ ಬಟ್ಟೆಯ ತುಂಡು. ಬೇರೇನೂ ಇಲ್ಲ. ಮೂಗಿಗೆ ಹಿಡಿದಳು, ಅಭ್ಯಾಸಬಲ. ಏನೂ ಇಲ್ಲ. ಆಗ ತನಗೆ ಗೊತ್ತಿದ್ದ ರೀತಿಯಲ್ಲಿ, ಕಣ್ಣಿನಿಂದ ಮತ್ತು ಬೆರಳಿನಿಂದ, ಅದನ್ನು ಓದತೊಡಗಿದಳು.

ಹಾಸಿಗೆ ಹೊದಿಕೆಯಿಂದ ಹರಿದದ್ದು. ಒಗೆದೂ ಒಗೆದೂ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಅಂಚನ್ನು ಕೈಯಲ್ಲೇ ಹೊಲಿದಿದ್ದರು, ಹೊಲಿದವರಿಗೆ ಆತುರವಿರಲಿಲ್ಲ. ಒಂದು ಮೂಲೆಯಲ್ಲಿ ಕಂದು ಕಲೆ. ನಡುವಿನಿಂದ ಎಲ್ಲ ಕಡೆಗೂ ಸುಕ್ಕುಗಳು ಹೊರಟಿದ್ದವು. ಏನನ್ನೋ, ಗುಂಡಗಿನ ಏನನ್ನೋ, ವರ್ಷಗಟ್ಟಲೆ ಸುತ್ತಿಟ್ಟ ಸುಕ್ಕುಗಳು. ಬೆಳಕಿಗೆ ಹಿಡಿದರೆ ನೂಲುಗಳ ನಡುವೆ ಬೆಳ್ಳಿಯ ಪುಡಿ ಮಿನುಗಿತು. ಗಾಜಿನ ಗುಂಡು ಎಂದುಕೊಂಡಳು. ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವಂಥದ್ದು. ಅದನ್ನು ಸುತ್ತಿಟ್ಟ ಬಟ್ಟೆ ಇದು. ಆದರೆ ಇದಕ್ಕೆ ವಾಸನೆ ಏನಿದ್ದೀತು? ಕೇಕು, ಹೂವು, ಅತ್ತರು ಎಲ್ಲ ಬಿಟ್ಟು ಈ ಬಟ್ಟೆಯನ್ನೇ ಏಕೆ ಕಳಿಸಿದರು? ಯಾರು?

ತಿಳಿದುಕೊಳ್ಳಲೇಬೇಕೆಂಬ ಆಸೆ ಹುಳದಂತೆ ಕೊರೆಯತೊಡಗಿತು. ಆ ಮಧ್ಯಾಹ್ನ ಎದುರಿನ ಔಷಧಿ ಅಂಗಡಿಯವನು ಶರ್ಟು ಒಯ್ಯಲು ಬಂದಾಗ, ಏನೂ ಆಗಿಲ್ಲವೆಂಬಂತೆ ಬಟ್ಟೆಯನ್ನು ಮುಂದೆ ಚಾಚಿದಳು.

"ಅಣ್ಣಾ, ಇದ್ರಲ್ಲಿ ಏನಾದ್ರೂ ವಾಸನೆ ಬರುತ್ತಾ ನೋಡಿ ಸ್ವಲ್ಪ."

ಅವನು ಮೂಸಿದ. "ಹಳೇ ಬಟ್ಟೆ ವಾಸನೆ."

"ಹಳೇ ಬಟ್ಟೆ ಅಂದ್ರೆ ಹೇಗೆ?"

"ಹಳೇ ಬಟ್ಟೆ ಅಂದ್ರೆ ಹಳೇ ಬಟ್ಟೆ ಅಕ್ಕಾ. ನೀವೇ ಒಗೆಯೋರು, ನನ್ನ ಕೇಳ್ತೀರಲ್ಲ!"

ಗುಟ್ಟು ಹೊರಬಿದ್ದೀತೆಂದು ಅವಳು ನಕ್ಕು ಬಟ್ಟೆಯನ್ನು ಡಬ್ಬಿಗೆ ಹಾಕಿದಳು. ಸಂಜೆ ಬಂದ ಹಾಡಿನ ಮೇಷ್ಟ್ರನ್ನು ಕೇಳಿದರೆ ಅವರಿಗೆ ನೆಗಡಿ. ಅವರ ಮೂಗು ತನ್ನದಕ್ಕಿಂತ ಕಡೆ, ಸುರಿಯುತ್ತಲೇ ಇತ್ತು. ಕೊನೆಗೆ ಅವಳು ಡಬ್ಬಿಯನ್ನು ಮನೆಗೆ ತಂದು ಬೀರುವಿನಲ್ಲಿಟ್ಟಳು. ನಿಜವಾದ ಮೂಗು ಒಂದೇ ಸೂರಿನ ಕೆಳಗೆ ಇತ್ತು, ಕೇಳಲು ಬಾಯಿ ಬರಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ ಅವಳು ಡಬ್ಬಿಯನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟು ಮತ್ತೊಮ್ಮೆ ನೋಡುತ್ತಿದ್ದಾಗ ಗಂಡನ ಫೋನು ಬಂತು. ಒಳಕೋಣೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆಂದು ಹೋಗಿ, ಮಾತಾಡಿ ಬಂದು ನೋಡಿದರೆ ನಲ್ಲಿ ಸುರಿಯುತ್ತಿತ್ತು. ಅತ್ತೆ ಒಂದು ಕೈಯಲ್ಲಿ ಸೋಪು, ಒಂದು ಕೈಯಲ್ಲಿ ಆ ಬಟ್ಟೆ ಹಿಡಿದು ಸಿಂಕಿನ ಮುಂದೆ ನಿಂತಿದ್ದರು.

"ಅತ್ತೇ! ಬೇಡ! ಒದ್ದೆ ಮಾಡ್ಬೇಡಿ!"

ಮದುವೆಯಾಗಿ ಬಂದಾಗಿನಿಂದ ಅವಳು ಅತ್ತೆಯ ಮೇಲೆ ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಸೋಪನ್ನು ಕೈಬಿಟ್ಟರು.

"ಏನಾಯ್ತೀಗ? ಕಲೆ ಬಟ್ಟೆ ಬಿದ್ದಿತ್ತು, ತಿಕ್ಕಿ ಹಾಕೋಣ ಅಂತ ತಗೊಂಡೆ."

"ಅದು ಒಗೆಯೋಕಲ್ಲ ಅತ್ತೆ. ಮೂಸೋಕೆ."

"ಮೂಸೋಕಾ?"

"ಹೂಂ."

"ಸರಿ ಹಾಗಾದ್ರೆ, ಮೂಸ್ಕೋ. ಅದಕ್ಯಾಕೆ ಮನೆ ಹಾರಿ ಹೋಗೋ ಹಾಗೆ ಕಿರುಚ್ತೀಯ?"

"ನಂಗೆ ಆಗಲ್ಲ" ಎಂದಳು ಅಕ್ಕ. ಇಷ್ಟು ದಿನ ಬಚ್ಚಿಟ್ಟಿದ್ದ ಮಾತು ತಾನಾಗಿ ಹೊರಬಿತ್ತು. "ವಾಸನೇನೇ ಗೊತ್ತಾಗಲ್ಲ ಅತ್ತೆ ನಂಗೆ. ಜ್ವರ ಬಂತಲ್ಲ, ಆಗಿಂದ. ಒಂದು ಚೂರೂ."

ಅತ್ತೆ ನಲ್ಲಿ ನಿಲ್ಲಿಸಿದರು. ಬಟ್ಟೆಯನ್ನು ಎಚ್ಚರದಿಂದ ಮೇಜಿನ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಕುರ್ಚಿಯಲ್ಲಿ ಕೂತರು.

"ಹಾಗಾದ್ರೆ ಆ ಹಾಲು?"

"ಯಾವ ಹಾಲು?"

"ಕಾಫಿಗೆ ಹಾಕಿ ಕೊಟ್ಯಲ್ಲ, ಹುಳಿ ಬಂದಿದ್ದು. ಆಮೇಲೆ ಆ ಬೆಣ್ಣೆ. ಆಮೇಲೆ ಆವತ್ತು ರಾತ್ರಿ ಹಳಸಿದ ಪಲ್ಯ."

"ಹಳಸಿತ್ತಾ? ನೀವು ಹೇಳಲೇ ಇಲ್ಲ!"

"ಏನಂತ ಹೇಳ್ಲಿ? ಬೇಕಂತಲೇ ಮಾಡ್ತಿದ್ದೀಯ ಅಂದ್ಕೊಂಡೆ. ಮುದುಕಿ ಬಾಯಿಗೆ ಏನು ಬಿದ್ರೇನು ಅನ್ನೋ ಹಾಗೆ ಆಗಿದ್ದಾಳೆ ಇವಳು ಅಂತ. ಸದ್ದಿಲ್ದೆ ಚೆಲ್ತಿದ್ದೆ." ಅತ್ತೆಯ ದನಿ ಸಣ್ಣದಾಯಿತು. "ಮಗಳ ಮನೆಗೆ ಹೋಗಿ ಇದ್ದುಬಿಡೋಣ ಅಂತ ಸೀರೆಗಳನ್ನೂ ತೆಗೆದಿಟ್ಟಿದ್ದೆ ಕಣೇ."

ಒಂದೇ ಮನೆಯಲ್ಲಿ, ಒಂದೇ ಒಲೆಯ ಅಕ್ಕಪಕ್ಕ, ಇಬ್ಬರೂ ಬಾಯಿ ಹೊಲಿದುಕೊಂಡು ಕೂತಿದ್ದರು. ಒಬ್ಬಳು ನಾಚಿಕೆಯಿಂದ, ಇನ್ನೊಬ್ಬರು ನೋವಿನಿಂದ. ಅವಳು ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಅಳು ಬರುತ್ತದೆ ಎಂದುಕೊಂಡರೆ ಬಂದದ್ದು ನಗು.

"ಅಯ್ಯೋ ಅತ್ತೆ, ಆ ಪಲ್ಯ ನಾನೂ ತಿಂದೆನಲ್ಲ! ಪೂರ್ತಿ ತಟ್ಟೆ!"

"ಮತ್ತೆ! ಅದನ್ನ ನೋಡಿ ನಂಗೆ ಇನ್ನೂ ಭಯ ಆಯ್ತು. ಎಷ್ಟು ಹಟ ಇರ್ಬೇಕು ಇವಳಿಗೆ, ನನ್ನ ಮೇಲಿನ ಸಿಟ್ಟಿಗೆ ತಾನೂ ತಿಂತಿದ್ದಾಳಲ್ಲ ಅಂತ!"

ಇಬ್ಬರೂ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಗು ಇಳಿದ ಮೇಲೆ ಅಕ್ಕ ಗುಂಪಿನ ಕಥೆಯನ್ನೆಲ್ಲ ಹೇಳಿದಳು. ನರ್ಸಮ್ಮ, ಬೇಕರಿ ಮಾವ, ಕ್ರಿಸ್‌ಮಸ್ ಆಟ, ಡಬ್ಬಿ. ಅತ್ತೆ ಮಧ್ಯೆ ಮಧ್ಯೆ 'ಆಹಾ', 'ಪಾಪ' ಎನ್ನುತ್ತ ಕೇಳಿದರು. ಕೊನೆಗೆ ಎದ್ದು ನಿಂತರು.

"ಕೊಡಿಲ್ಲಿ. ಅಲ್ಲ, ತಾಳು. ಕೈಯೆಲ್ಲ ಸೋಪಾಗಿದೆ."

ಅವರು ಬರೀ ನೀರಿನಲ್ಲಿ ಕೈ ತೊಳೆದರು, ಬಾಯಿ ಮುಕ್ಕಳಿಸಿದರು, ಬಾಲ್ಕನಿಗೆ ಹೋಗಿ ನಾಲ್ಕಾರು ಸಲ ತಣ್ಣನೆಯ ಗಾಳಿ ಎಳೆದುಕೊಂಡು ಬಂದರು. ಆಮೇಲೆ ಕಣ್ಣು ಮುಚ್ಚಿ ಬಟ್ಟೆಯನ್ನು ಮೂಗಿನ ಹತ್ತಿರ ತಂದರು. ಮುಟ್ಟಿಸಲಿಲ್ಲ.

"ಮೊದಲು ತಗಡು. ಅದು ಈ ಡಬ್ಬೀದು, ಬಿಡು. ಅದರ ಕೆಳಗೆ ಧೂಳು, ಮುಚ್ಚಿಟ್ಟ ಪೆಟ್ಟಿಗೆ ಧೂಳು... ಹಾಂ, ಎಣ್ಣೆ. ಅಡುಗೆ ಎಣ್ಣೆ ಅಲ್ಲ. ಮೆಷಿನ್ನಿಗೆ ಬಿಡ್ತಾರಲ್ಲ, ಅದು. ಆದ್ರೆ ಒಂದು ಮೂಲೇಲಿ ಮಾತ್ರ, ಯಾರೋ ಹಿಡಿದ ಹಾಗೆ."

"ಆ ಕಂದು ಕಲೆ ಹತ್ತಿರಾನಾ?"

"ಅಲ್ಲ, ಇನ್ನೊಂದು ಕಡೆ. ಕಲೆ ಹತ್ತಿರ ಕಿತ್ತಳೆ. ಕಿತ್ತಳೆ ಹಣ್ಣಿಂದಲ್ಲ, ಸಿಪ್ಪೇದು. ಹಣ್ಣು ಸುಲಿದ ಕೈಯಲ್ಲೇ ಇದನ್ನ ಮಡಿಸಿದ್ದಾರೆ. ಎರಡು ಕೈ ಇದೆ ಇದ್ರಲ್ಲಿ, ಗೊತ್ತಾಯ್ತಾ? ಎಣ್ಣೆ ಕೈ ಒಂದು, ಕಿತ್ತಳೆ ಕೈ ಒಂದು." ಅತ್ತೆ ನಿಲ್ಲಿಸಿದರು. ಹುಬ್ಬು ಗಂಟಾಯಿತು. "ಇನ್ನೊಂದೇನೋ ಇದೆ."

"ಏನು?"

"ಅದೇ ಗೊತ್ತಾಗ್ತಿಲ್ಲ. ಒಣಗಿದ್ದು. ಮರದ ಹಾಗಿದೆ, ಆದ್ರೆ ಮರ ಅಲ್ಲ. ಸ್ವಲ್ಪ ಸಿಹಿ. ನಂಗೆ ಚೆನ್ನಾಗಿ ಗೊತ್ತಿರೋ ವಾಸನೆ ಕಣೇ ಇದು! ನಾಲಿಗೆ ತುದೀಲಿದೆ. ಅಲ್ಲ, ಮೂಗಿನ ತುದೀಲಿದೆ."

ಅಲ್ಲಿಂದ ಶುರುವಾಯಿತು ಅತ್ತೆಯ ಹುಡುಕಾಟ. ಮನೆಯ ಬೀರು, ಪೆಟ್ಟಿಗೆ, ಡ್ರಾಯರುಗಳಿಗೆಲ್ಲ ಮೂಗು ತೂರಿಸಿದರು. ಶೂ ಪಾಲಿಶ್ ಡಬ್ಬಿ ಮೂಸಿ ಸೀನಿದರು. ಊರುಗೋಲಿನ ಹಿಡಿ, ಬಾಗಿಲ ಚೌಕಟ್ಟು, ಹಳೆಯ ಫೋಟೋಗಳ ಹಿಂಬದಿ, ಬೆಂಕಿಪೊಟ್ಟಣ, ಯಾವುದೂ ಅಲ್ಲ. ಎಂದೂ ಅಂಗಡಿಗೆ ಬಾರದವರು ಈಗ ದಿನವೂ ಸೊಸೆಯ ಜೊತೆ ಹೊರಟು, ಅಲ್ಲಿ ನೇತುಹಾಕಿದ್ದ ಕೋಟುಗಳ ನಡುವೆ ಬೆಕ್ಕಿನಂತೆ ಓಡಾಡಿದರು. ಹೋಗುತ್ತ ಹೋಗುತ್ತ, "ಈ ಕರಿ ಕೋಟು ಇನ್ನೊಮ್ಮೆ ಒಗೀಬೇಕು, ಸಿಗರೇಟು ಉಳಿದಿದೆ" ಎಂದರು. ಅಕ್ಕ ಅದನ್ನು ಪಕ್ಕಕ್ಕೆ ತೆಗೆದಿಟ್ಟಳು. ಹೀಗೆ ಮೂಗಿನ ಕೆಲಸ ಅತ್ತೆಯ ಪಾಲಿಗೆ ಬಂತು, ಯಾರೂ ಅದನ್ನು ಮಾತಾಡಿ ಒಪ್ಪಂದ ಮಾಡಿಕೊಳ್ಳಲಿಲ್ಲ.

ಕ್ರಿಸ್‌ಮಸ್ಸಿಗೆ ಇನ್ನೇನು ಒಂದೆರಡು ದಿನ ಉಳಿದಿತ್ತು. ಹಾಡಿನ ಮೇಷ್ಟ್ರು ನಿಲುವಂಗಿಗಳನ್ನು ಒಯ್ಯಲು ಬಂದರು. ಪ್ರತಿಯೊಂದರ ಕಾಲರಿನ ಚೀಟಿಯಲ್ಲೂ ಮಗುವಿನ ಹೆಸರು ಬರೆಯಬೇಕಿತ್ತು. ಪೆನ್ನಾದರೆ ಬಟ್ಟೆಗೆ ಹರಡುತ್ತದೆಂದು ಅವರು ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದು, ಕೌಂಟರಿನ ಮೂಲೆಯಲ್ಲಿ ಅದನ್ನು ಹೆರೆಯತೊಡಗಿದರು. ಬಟ್ಟೆ ಮಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

"ಅದೇ!"

ಮೇಷ್ಟ್ರು ಬೆಚ್ಚಿದರು. "ಏನಮ್ಮಾ?"

"ಅದೇ, ಅದೇ! ಅಲ್ಲಾಡ್ಬೇಡಿ!" ಅತ್ತೆ ದಡದಡನೆ ಬಂದು, ಅವರ ಕೈ ಕೆಳಗೆ ಬಿದ್ದಿದ್ದ ಪೆನ್ಸಿಲ್ ಸಿಪ್ಪೆಯನ್ನು ಬಾಚಿ ಮೂಗಿಗೆ ಹಿಡಿದರು. ಇನ್ನೊಂದು ಕೈಯಿಂದ ಡಬ್ಬಿ ತೆರೆದು ಬಟ್ಟೆ ಮೂಸಿದರು. ಮತ್ತೆ ಸಿಪ್ಪೆ, ಮತ್ತೆ ಬಟ್ಟೆ. "ಪೆನ್ಸಿಲ್ ಸಿಪ್ಪೆ ಕಣೇ! ಸಣ್ಣವಳಿದ್ದಾಗ ಕಂಪಾಸ್ ಪೆಟ್ಟಿಗೆ ತೆಗೆದ್ರೆ ಬರ್ತಿತ್ತಲ್ಲ!"

ಮೇಷ್ಟ್ರು ಅತ್ತೆಯನ್ನೂ ಸೊಸೆಯನ್ನೂ ಸರದಿಯ ಮೇಲೆ ನೋಡಿದರು. ಅಕ್ಕ ಕೈಯಲ್ಲಿದ್ದ ನಿಲುವಂಗಿಯನ್ನು ಕೆಳಗಿಟ್ಟಳು. ಆಮೇಲೆ, "ನಂಗೆ ವಾಸನೆ ಗೊತ್ತಾಗಲ್ಲ ಮೇಷ್ಟ್ರೇ, ಅದಕ್ಕೆ ಅತ್ತೆ ನೋಡಿ ಹೇಳ್ತಿದ್ದಾರೆ" ಎಂದುಬಿಟ್ಟಳು.

"ಹೌದಾ? ಹಾಗಾದ್ರೆ ನನ್ನ ನೆಗಡಿ ದಿನ ಸುಮ್ನೆ ಕೇಳಿದ್ರಿ" ಎಂದು ಮೇಷ್ಟ್ರು ನಕ್ಕು, ಹೆಸರು ಬರೆದು, ನಿಲುವಂಗಿಗಳನ್ನು ಹೊತ್ತು ಹೋದರು. ಅವಳು ಹೆದರಿದಂತೆ ಏನೂ ಆಗಲಿಲ್ಲ.

ಆದರೆ ಗಾಜಿನ ಗುಂಡು ಸುತ್ತಿದ ಬಟ್ಟೆಗೆ ಪೆನ್ಸಿಲ್ ಸಿಪ್ಪೆ ಎಲ್ಲಿಂದ ಬಂತು? ಅದನ್ನು ಅತ್ತೆಗೂ ಹೇಳಲಾಗಲಿಲ್ಲ.

ಕ್ರಿಸ್‌ಮಸ್ ಸಂಜೆ ಇಬ್ಬರೂ ತಲೆ ಬಾಚಿಕೊಂಡು ಅಡುಗೆಮನೆಯ ಮೇಜಿನ ಮುಂದೆ ಕೂತರು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿದ್ದರು. ಪರದೆಯಲ್ಲಿ ಒಂದೊಂದೇ ಚೌಕ ತೆರೆದುಕೊಂಡು, ಇಷ್ಟು ದಿನ ಬರೀ ಹೆಸರಾಗಿದ್ದವರು ಮುಖಗಳಾದರು. ನರ್ಸಮ್ಮ ಅಂದುಕೊಂಡದ್ದಕ್ಕಿಂತ ಚಿಕ್ಕವರು. ಲಿಫ್ಟ್ ತಾತ ಅಂದುಕೊಂಡದ್ದಕ್ಕಿಂತ ಸಣಕಲು, ಇಸ್ತ್ರಿ ಕಾಣದ ಶರ್ಟು.

ಎಲ್ಲರೂ ಕ್ರಿಸ್‌ಮಸ್ ಶುಭಾಶಯ ಹೇಳಿಕೊಂಡ ಮೇಲೆ ಬೇಕರಿ ಮಾವ ಶುರು ಮಾಡಿದರು. ಅವರಿಗೆ ಸಿಕ್ಕಿದ್ದು ಅಕ್ಕ ಕಳಿಸಿದ ಕಾಗದವೇ. ಅದನ್ನು ಅವರ ಮೊಮ್ಮಗಳು ಮೂಸಿದ್ದಳಂತೆ. "ತಾತಾ, ಹಾಡು ಮುಗಿದು ಎಲ್ರೂ ಮೇಣದಬತ್ತಿ ಊದಿ ಆರಿಸ್ತಾರಲ್ಲ, ಆಗಿನ ವಾಸನೆ ಅಂದ್ಳು. ನಂಗೆ ಆ ಕತ್ತಲೆ ಪೂರ್ತಿ ಕಣ್ಮುಂದೆ ಬಂತು ಕಣ್ರೀ." ಅಕ್ಕ ಕೈ ಎತ್ತಿ "ಅದು ನಂದು" ಎಂದಳು. ತನ್ನ ಮೇಜಿನ ಮೇಲಿನ ಒಂದು ಕಾಗದ ಯಾರದೋ ಮನೆಯಲ್ಲಿ ಹಾಡು ಮುಗಿದ ಕತ್ತಲೆಯಾಗಿತ್ತು.

ಸರದಿ ಅವಳದಾಯಿತು. ಅವಳು ಬಟ್ಟೆಯನ್ನು ಕ್ಯಾಮೆರಾದ ಮುಂದೆ ಹಿಡಿದಳು.

"ನಂಗೆ ಬಂದಿದ್ದು ಇದು. ಮೂಸಿದ್ದು ನಮ್ಮ ಅತ್ತೆ. ಅವರೇ ಹೇಳ್ಲಿ."

ಅತ್ತೆ ಗಂಟಲು ಸರಿಮಾಡಿಕೊಂಡು ಪಾಠ ಒಪ್ಪಿಸುವವರಂತೆ ಹೇಳಿದರು: ಪೆಟ್ಟಿಗೆಯ ಧೂಳು, ಮೆಷಿನ್ ಎಣ್ಣೆಯ ಕೈ, ಕಿತ್ತಳೆ ಸುಲಿದ ಕೈ. ಒಂದು ಚೌಕದಲ್ಲಿ ಲಿಫ್ಟ್ ತಾತ ನಿಧಾನವಾಗಿ ಕನ್ನಡಕ ತೆಗೆದರು.

"ಅದು ನಂದು" ಎಂದರು. "ಎಣ್ಣೆ ಕೈ ನಂದು. ಎಷ್ಟು ತೊಳೆದ್ರೂ ಹೋಗ್ತಿರ್ಲಿಲ್ಲ. ಕಿತ್ತಳೆ ನನ್ನ ಹೆಂಡ್ತೀದು. ಮರದ ಅಲಂಕಾರ ತೆಗೆದು ಪೆಟ್ಟಿಗೆಗೆ ಹಾಕೋ ದಿನ ಒಂದು ಬುಟ್ಟಿ ಕಿತ್ತಳೆ ಇಟ್ಕೊಂಡು ಕೂರೋಳು. ಒಂದು ಗುಂಡು ಸುತ್ತೋದು, ಒಂದು ತೊಳೆ ತಿನ್ನೋದು." ಅವರು ಕನ್ನಡಕದ ಗಾಜನ್ನು ಶರ್ಟಿಗೆ ಒರೆಸಿದರು. "ಅವಳು ಹೋದ್ಮೇಲೆ ಆ ಪೆಟ್ಟಿಗೆ ನಾನು ತೆಗೆದಿಲ್ಲ. ಈ ಸಲ ಮೇಲಿದ್ದ ಒಂದು ಗುಂಡಿನ ಬಟ್ಟೆ ಮಾತ್ರ ಬಿಡಿಸಿ ಕಳಿಸ್ದೆ. ಇನ್ನೂ ಏನಾದ್ರೂ ಉಳಿದಿದ್ಯಾ ಇಲ್ವಾ ಅಂತ ನಂಗೆ ತಿಳ್ಕೋಬೇಕಿತ್ತು. ನನ್ನ ಮೂಗು ಹೇಳಲ್ಲ. ಗುರ್ತಿನೋರನ್ನ ಕೇಳಿದ್ರೆ ನಂಗೆ ಬೇಜಾರಾಗುತ್ತೆ ಅಂತ 'ಇದೆ ಇದೆ' ಅಂತಾರೆ. ಅಮ್ಮಾ, ನಿಜ ಹೇಳಿ. ಇದೆಯಾ?"

"ಇದೆ" ಎಂದರು ಅತ್ತೆ. "ಕಡಿಮೆ ಆಗಿದೆ. ಆದ್ರೆ ಇದೆ. ವಾಸನೆ ವಿಷಯದಲ್ಲಿ ನಂಗೆ ಸುಳ್ಳು ಹೇಳೋಕೆ ಬರಲ್ಲ. ಆದ್ರೆ ನೀವೊಂದು ಹೇಳಿ. ಪೆನ್ಸಿಲ್ ಸಿಪ್ಪೆ ಯಾಕಿದೆ?"

"ಪೆನ್ಸಿಲ್ ಸಿಪ್ಪೆನಾ?"

"ಹೂಂ. ಎಲ್ಲಕ್ಕಿಂತ ಒಳಗಿರೋದು ಅದೇ."

ತಾತ ತಲೆ ಅಲ್ಲಾಡಿಸಿದರು. ಅಲ್ಲಾಡಿಸುತ್ತಿದ್ದಂತೆಯೇ ತಲೆ ನಿಂತಿತು. "ಆವತ್ತೇ... ಅದೇ ದಿನ ಮನೇಲಿರೋ ಪೆನ್ಸಿಲ್ಲೆಲ್ಲ ತಂದು ಹೆರೆಯೋಳು. ಬಣ್ಣದ್ದೂ ಬಿಡ್ತಿರ್ಲಿಲ್ಲ. ಹೊಸ ವರ್ಷಕ್ಕೆ ತಯಾರಿ ಮಾಡ್ತಿದ್ದಾಳೆ ಅಂದ್ಕೊಂಡಿದ್ದೆ. ನಾನು ಏಣಿ ಹಿಡಿಯೋನು ಅಷ್ಟೇ. ಪೆಟ್ಟಿಗೆ ತುಂಬೋದು ತೆಗೆಯೋದು ಎಲ್ಲ ಅವಳೇ."

"ಪೆಟ್ಟಿಗೆ ಎಲ್ಲಿದೆ?" ಎಂದು ನಾಲ್ಕೈದು ಚೌಕಗಳಿಂದ ಒಟ್ಟಿಗೆ ದನಿ ಬಂತು.

ತಾತ ಎದ್ದರು. ಪರದೆಯಲ್ಲಿ ಸ್ವಲ್ಪ ಹೊತ್ತು ಬರೀ ಖಾಲಿ ಕುರ್ಚಿ ಕಂಡಿತು. ಆಮೇಲೆ ಅವರು ಒಂದು ಮರದ ಪೆಟ್ಟಿಗೆಯನ್ನು ಎದೆಗಾನಿಸಿ ತಂದು ಮೇಜಿನ ಮೇಲಿಟ್ಟರು. ಬಟ್ಟೆ ಸುತ್ತಿದ ಗುಂಡುಗಳನ್ನು ಮೊಟ್ಟೆ ಎತ್ತಿದಂತೆ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಅತ್ತೆ ಫೋನಿಗೆ ಮೂಗು ತಾಗುವಷ್ಟು ಬಾಗಿದ್ದರು. ಅಷ್ಟು ದೂರದಿಂದಲೂ ಮೂಸಿಬಿಡುವವರ ಹಾಗೆ.

ತಳದಲ್ಲಿ, ಅದೇ ಹೊದಿಕೆಯ ಬಟ್ಟೆಯಲ್ಲಿ ಹೊಲಿದ ಪುಟ್ಟ ಪುಟ್ಟ ಚೀಲಗಳಿದ್ದವು. ತಾತ ಒಂದರ ದಾರ ಬಿಚ್ಚಿ ಅಂಗೈಗೆ ಸುರಿದುಕೊಂಡರು. ಒಣಗಿದ ಸಿಪ್ಪೆಗಳು, ಸುರುಳಿ ಸುರುಳಿಯಾಗಿ, ಅಂಚಿಗೆ ಕೆಂಪು, ಹಸಿರು, ಹಳದಿ ಬಣ್ಣ.

"ಹುಳ ಬರಬಾರ್ದು ಅಂತ ಹಾಕಿದ್ದಾರೆ" ಎಂದರು ಅತ್ತೆ. "ನುಸಿ ಗುಳಿಗೆ ಹಾಕಿದ್ರೆ ಆ ವಾಸನೆ ಬಟ್ಟೆಗೆ ಹಿಡಿಯುತ್ತಲ್ಲ, ಅದಕ್ಕೆ ಇದು. ಜಾಣೆ ಆಕೆ."

ತಾತ ಅಂಗೈಯನ್ನೇ ನೋಡುತ್ತಿದ್ದರು. "ಇಷ್ಟು ವರ್ಷ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಹೇಳಲಿಲ್ವಲ್ಲ ನಂಗೆ."

"ನೀವು ಕೇಳಿದ್ರಾ?"

ಅತ್ತೆ ಕಟುವಾಗಿ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. ತಾತ ಯೋಚಿಸಿದರು. ಆಮೇಲೆ ಒದ್ದೆ ಕಣ್ಣಲ್ಲೇ ನಕ್ಕರು.

"ಇಲ್ಲ ಕಣಮ್ಮ. ಕೇಳಲೇ ಇಲ್ಲ."

ಮಾರನೆಯ ದಿನ ಗುಂಪಿಗೆ ಒಂದು ಚಿತ್ರ ಬಂತು. ತಾತನ ಕಿಟಕಿಯ ಸರಳುಗಳಿಂದ ಗಾಜಿನ ಗುಂಡುಗಳು ಇಳಿಬಿದ್ದಿದ್ದವು. ಕೆಳಗೆ ಬರೆದಿದ್ದರು: 'ಮೇಲಿನ ಮನೆಯವರನ್ನು ಕರೆದೆ. ಅವರೇ ಏಣಿ ಹಿಡಿದರು. ಗುಂಡು ಸುತ್ತಿದ್ದ ಬಟ್ಟೆ ಕೊಟ್ಟು ಮೂಸಿ ಹೇಳಿ ಅಂದೆ. ಅವರ ಮಗ ಕಿತ್ತಳೆ ಅಂತ ತಾನಾಗೇ ಹೇಳಿದ.'

ಹೊಸ ವರ್ಷ ಬಂದು, ಆ ಗುಂಡುಗಳನ್ನು ಮತ್ತೆ ಪೆಟ್ಟಿಗೆಗೆ ಸೇರಿಸುವ ಮೊದಲು ಅಕ್ಕ ಬಟ್ಟೆಯನ್ನು ವಾಪಸ್ ಕಳಿಸಬೇಕಿತ್ತು. ಒಗೆಯದೆ ಕಳಿಸಿದ ಮೊದಲ ಬಟ್ಟೆ ಅದು. ಜೊತೆಗೆ ಒಂದಿಷ್ಟು ಹೊಸ ಸಿಪ್ಪೆಯೂ ಇರಲಿ ಎಂದು ಅತ್ತೆ ಒಂದು ಪೊಟ್ಟಣ ಪೆನ್ಸಿಲ್ ಕೊಂಡು ತಂದು, ಶಾರ್ಪ್‌ನರ್ ಮೇಲೆ ನಂಬಿಕೆಯಿಲ್ಲದೆ ತರಕಾರಿ ಹೆಚ್ಚುವ ಚಾಕುವಿನಲ್ಲೇ ಹೆರೆಯುತ್ತ ಕೂತರು. ಅಕ್ಕ ಎದುರಿಗೆ ಕೂತು ಪುಟ್ಟ ಚೀಲ ಹೊಲಿಯುತ್ತಿದ್ದಳು.

"ಹೇಗಿದೆ ಅತ್ತೆ ಈಗ ಇದು?"

ಅತ್ತೆ ಒಂದು ಸುರುಳಿಯನ್ನು ಮೂಗಿಗೆ ಹಿಡಿದರು. "ಹೊಸದಲ್ವಾ, ಸ್ವಲ್ಪ ಖಾರ ಇದೆ."

"ಖಾರ ಅಂದ್ರೆ? ಶುಂಠಿ ಹಾಗಾ, ಮೆಣಸಿನ ಹಾಗಾ?"

"ಎರಡೂ ಅಲ್ಲ. ತಾಳು, ಯೋಚನೆ ಮಾಡಿ ಹೇಳ್ತೀನಿ" ಎಂದು ಅತ್ತೆ ಚಾಕು ಕೆಳಗಿಟ್ಟು ಕಣ್ಣು ಮುಚ್ಚಿದರು. ಅಕ್ಕ ಸೂಜಿ ನಿಲ್ಲಿಸಿ ಕಾದಳು.